ಬೆವರದ ಗಡಿಗೆ

ಸದಲಗಾದ ಲಗಮಣ್ಣ ಕುಂಬಾರರು ಮಾರಿದ ಗಡಿಗೆಗಳು ಕಳೆದ ಬೇಸಿಗೆಯಲ್ಲಿ ಒಂದೊಂದಾಗಿ ಅವರ ಮನೆಗೇ ಮರಳಿ ಬರತೊಡಗಿದವು. ಅವು ಒಡೆದಿರಲಿಲ್ಲ, ಸೋರುತ್ತಲೂ ಇರಲಿಲ್ಲ. ಅವುಗಳಲ್ಲಿ ನೀರು ತಂಪಾಗುತ್ತಿರಲಿಲ್ಲ.

ಆ ವರ್ಷ ಲಗಮಣ್ಣ ಹೊಸದೊಂದು ಪ್ರಯೋಗ ಮಾಡಿದ್ದರು. ನಿಪ್ಪಾಣಿಯ ಪೇಟೆಯಲ್ಲಿ ಬಣ್ಣ ಬಣ್ಣದ ಹೂಜಿಗಳನ್ನು ನೋಡಿ ಬಂದವರೇ ತಮ್ಮ ಗಡಿಗೆಗಳಿಗೂ ಎಣ್ಣೆಬಣ್ಣ ಬಳಿದು, ಅದರ ಮೇಲೆ ಬೇವಿನ ಟೊಂಗೆ, ನವಿಲು, ಹೊಳೆದಂಡೆಯ ಕೊಕ್ಕರೆಗಳನ್ನು ಬರೆದಿದ್ದರು. ಜನ ಅಂದಕ್ಕೆ ಮರುಳಾಗಿ ಕೊಂಡರು. ಬಿಸಿಲು ಏರಿದಂತೆ ಹಿಂದಿರುಗಿಸಿದರು.

ಒಂದು ದಿನ ನವಿಲಿನ ಗಡಿಗೆ ಹೊತ್ತು ಬಂದವರು ಅದೇ ಊರಿನ ತವನಪ್ಪ.

“ಲಗಮಣ್ಣಾ, ನಿನ್ನ ನವಿಲ ಚಂದ ಐತಿ. ಆದ್ರ ಈ ನೀರಿಗಿ ಸಕ್ಕರಿ, ಚಹಾಪುಡಿ ಹಾಕಿದ್ರ ಸೀದಾ ಚಹಾನ ಆಕ್ಕೈತಿ ನೋಡ.”

ಲಗಮಣ್ಣ ನಗಲಿಲ್ಲ. ತವನಪ್ಪ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದಂತೆ, ಹೆಂಡತಿ ಶಿವಗಂಗವ್ವನ ಕಡೆ ತಿರುಗಿ ಹೇಳಿದರು: “ಸಾಕಾತು. ಈ ಸಲ ಹಚ್ಚಿದ ಆವಿಗಿನ ಕಡೀದು. ತಿಗರಿ ಗಾಲಿ ಎತ್ತಿಟ್ಟು ಫ್ಯಾಕ್ಟರಿ ಗೇಟಿಗಿ ವಾಚಮನ್ ಆಗಿ ಹೊಕ್ಕೇನಿ.”

ಪಕ್ಕದ ಮನೆಯ ಸೀಮಾ ಊರಿನ ಮಹಿಳಾ ಸಂಘದ ಪ್ರತಿನಿಧಿ. ಮಾತು ಕೇಳಿಸಿ ಅಂಗಳಕ್ಕೆ ಬಂದಳು.

“ಕಾಕಾ, ತಿಗರಿದೇನ ತಪ್ಪೈತ್ರಿ? ಗಡಗಿ ಬೆವರ್ಬೇಕು. ನಾವು ಕಬ್ಬ ಕಡದ ಬೆವತ ಗಾಳಿಗಿ ನಿಂತ್ರ ಮೈ ತಂಪ ಆಕ್ಕೈತಲ್ರಿ, ಹಂಗ. ಸಣ್ಣ ಸಣ್ಣ ತೂತಿನಾಗಿಂದ ನೀರ ಹೊರಗ ಬಂದ ಆರ್ಬೇಕು. ನೀವು ಬಣ್ಣ ಬಡದ ಆ ತೂತ ಮುಚ್ಚೀರಿ.”

“ನಮ್ಮ ಮುತ್ಯಾನ ಕಾಲದಿಂದ ಗಡಗಿ ಮಾಡ್ತೀವಿ. ನೀ ನನಗ ಕಲಸ್ತಿ?”

“ಮುತ್ಯಾ ಬಣ್ಣ ಬಡದಿದ್ನೇನ್ರಿ?” ಶಿವಗಂಗವ್ವ ಮೆಲ್ಲಗೆ ಕೇಳಿದಳು.

ಒಳಗಿನಿಂದ ಬಣ್ಣ ಹಚ್ಚದೆ ಉಳಿದಿದ್ದ ಗಡಿಗೆಯೊಂದನ್ನು ಸೀಮಾ ಹೊರತಂದಳು. ತವನಪ್ಪ ತಂದಿದ್ದ ನವಿಲಿನ ಗಡಿಗೆಯ ಪಕ್ಕದಲ್ಲೇ ಅದನ್ನು ಒಣ ಉಸುಕಿನ ಮೇಲಿಟ್ಟು, ಎರಡಕ್ಕೂ ಒಂದೇ ಕೊಡದ ನೀರು ತುಂಬಿದಳು.

“ಸಂಜಿಮುಂದ ಬರ್ರಿ ತವನಪ್ಪಣ್ಣ, ನೀವ ಪಂಚರು,” ಎಂದಳು.

ಸಂಜೆ ಬಣ್ಣವಿಲ್ಲದ ಗಡಿಗೆಯ ಮೈಯೆಲ್ಲ ತೇವವಾಗಿತ್ತು. ಅದರ ಕೆಳಗಿನ ಉಸುಕು ಕಪ್ಪಾಗಿತ್ತು. ನವಿಲಿನ ಗಡಿಗೆ ಒಣಗಿಯೇ ಇತ್ತು. ತವನಪ್ಪ ಎರಡರಿಂದಲೂ ಒಂದೊಂದು ತಂಬಿಗೆ ನೀರು ಕುಡಿದರು. ಆಮೇಲೆ ತೇವದ ಗಡಿಗೆಯಿಂದ ಇನ್ನೊಂದು ತಂಬಿಗೆ ಮೊಗೆದುಕೊಂಡರು.

ಲಗಮಣ್ಣ ತೇವದ ಗಡಿಗೆಯ ಮೈ ಸವರಿ ನೋಡಿದರು. ತಮ್ಮ ಕೈಯ ಕಸುಬು ಕೆಟ್ಟಿರಲಿಲ್ಲವೆಂಬುದು ಆ ಒದ್ದೆಯಲ್ಲಿ ಅವರಿಗೆ ತಿಳಿಯಿತು.

“ಖರೇನ ಐತಿ. ಆದ್ರ ಬರೇ ಮಣ್ಣಿನ ಗಡಗಿ ಯಾರ ಕಣ್ಣಿಗಿ ಕಾಣತೈತಿ?”

ಅಂಗಳದ ಬೇವಿನ ಕೆಳಗೆ ಉದುರಿದ್ದ ಎಲೆಗಳನ್ನು ಶಿವಗಂಗವ್ವ ಆರಿಸಿ ತಂದಳು. “ಬೇವ ಬರಿಯೂದ್ಯಾಕ? ಬೇವನ್ನ ಒತ್ರಿ. ನಿಮ್ಮವ್ವ ಒತ್ತತಿದ್ಲು, ಮರತ್ರೇನು?”

ಮರುದಿನ ತಿಗರಿ ತಿರುಗಿತು. ಹಸಿ ಗಡಿಗೆಯ ಹೆಗಲಿಗೆ ಲಗಮಣ್ಣ ಕೆಂಪು ಮಣ್ಣಿನ ತಿಳಿ ಸವರಿ, ಸುತ್ತಲೂ ಎಲೆಗಳನ್ನು ಒತ್ತಿದರು. ಗಡಿಗೆ ಒಣಗಿದ ಮೇಲೆ ಆವಿಗೆಯ ಬೆಂಕಿಯಲ್ಲಿ ಎಲೆ ಸುಟ್ಟುಹೋಯಿತು. ಎಲೆಯಿದ್ದ ಜಾಗ ಅದರ ನರನರವನ್ನೂ ನೆನಪಿಟ್ಟುಕೊಂಡಿತು. ಮರಳಿ ಬಂದ ಬಣ್ಣದ ಗಡಿಗೆಗಳನ್ನೂ ಶಿವಗಂಗವ್ವ ಎಸೆಯಲಿಲ್ಲ. “ಬೆವರಂಗಿಲ್ಲ ಅಂದಮ್ಯಾಲ ಬೀಜದ ಕಾಳ ತುಂಬಾಕ ಛಲೋ,” ಎಂದು ಅಟ್ಟಕ್ಕೇರಿಸಿದಳು.

ಹೊಸ ಆವಿಗೆಯ ಮೊದಲ ಗಡಿಗೆಯನ್ನು ಒಯ್ದವರು ತವನಪ್ಪ. ಅದು ಮರಳಿ ಬರಲಿಲ್ಲ. ವಾಚಮನ್ ಕೆಲಸದ ಮಾತನ್ನು ಲಗಮಣ್ಣ ಮತ್ತೆ ಎತ್ತಲಿಲ್ಲ.

ಓದುಗರೇ, ಗಡಿಗೆ ಕೊಳ್ಳುವಾಗ ಅದರ ಮೈ ಸವರಿ ನೋಡಿ. ಎಣ್ಣೆಬಣ್ಣದ ಹೊಳಪಿದ್ದರೆ ಕುಡಿಯುವ ನೀರಿಗೆ ಅದು ಬೇಡ. ಬಣ್ಣವಿಲ್ಲದ್ದನ್ನೇ ಕೇಳಿ ಪಡೆಯಿರಿ. ಅದಕ್ಕೆ ಕರೆಂಟು ಬೇಡ, ಪ್ಲಾಸ್ಟಿಕ್ ಬಾಟಲಿಯ ಕಸವೂ ಉಳಿಯದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ತರುವಾಗಲೂ ಹಸಿಮಣ್ಣಿನವನ್ನೇ ತನ್ನಿ; ದೂಧಗಂಗೆಗೆ ಬಿಟ್ಟರೆ ಅವು ಕರಗಿ ಹೊಳೆಯ ಮಣ್ಣನ್ನು ಹೊಳೆಗೇ ಒಪ್ಪಿಸಬೇಕು, ಬಣ್ಣವನ್ನಲ್ಲ. ನಿಮ್ಮೂರಿನ ಕುಂಬಾರರ ಮನೆಯಲ್ಲಿ ತಿಗರಿ ಇನ್ನೂ ತಿರುಗುತ್ತಿದೆಯೇ? ಈ ವಾರವೇ ಹೋಗಿ ನೋಡಿ. ಬರುವಾಗ ಬೆವರುವ ಗಡಿಗೆಯೊಂದನ್ನು ಹೊತ್ತು ತನ್ನಿ.