ಸಮವಿಲ್ಲದ ಎರಡು ಅಲೆ

ಗಿರಾಕಿ ಕೊಟ್ಟ ಚಿತ್ರದಲ್ಲೇ ತಪ್ಪಿದ್ದರೆ ಏನು ಮಾಡುವುದು? ನಮ್ಮ ಬೀದಿಯ ಕಸೂತಿ ಅಕ್ಕ ತಿದ್ದಿಯೇಬಿಟ್ಟಳು. ಸೊಟ್ಟಗಿದ್ದದ್ದು ಕಂಡರೆ ಅವಳಿಗೆ ಆಗದು.

ಅದು ಒಂದು ದೋಣಿ ತಂಡದ ಲಾಂಛನ. ದೂರದ ದಡಕ್ಕೂ ಕಾಣಲೆಂದು ಕಿತ್ತಳೆ ಬಣ್ಣದ ದೋಣಿ, ಒಟ್ಟಿಗೇ ಎದ್ದ ಹುಟ್ಟುಗಳು, ಕೆಳಗೆ ಎರಡು ಅಲೆ. ಒಂದು ಅಲೆ ದುಂಡಗೆ ಉಬ್ಬಿತ್ತು, ಇನ್ನೊಂದು ಬರೀ ಗೆರೆ. ಅಕ್ಕ ಎರಡನ್ನೂ ದುಂಡಗೆ ಹೊಲಿದು, ಮಾದರಿ ಅಂಗಿಯನ್ನು ಮೊಳೆಗೆ ನೇತುಹಾಕಿದಳು.

ತಂಡದ ಪರವಾಗಿ ನೋಡಲು ಬಂದ ನಿವೃತ್ತ ಗಣಿತದ ಟೀಚರ್ ಬಿದ್ದು ಬಿದ್ದು ನಕ್ಕರು.

"ಅಯ್ಯೋ ತಾಯಿ, ಡಾಕ್ಟರು ತೆಗೆದದ್ದನ್ನ ನೀನು ದಾರದಲ್ಲಿ ವಾಪಸ್ ಕೊಟ್ಬಿಟ್ಯಲ್ಲ!"

"ಯಾಕೆ ಟೀಚರೇ, ಸರಿ ಮಾಡಿದೆ ತಾನೇ?"

"ಆ ಅಲೆ ಚಪ್ಪಟೆನೇ ಇರಬೇಕು ಕಣಮ್ಮ. ನಮ್ಮ ದೋಣಿಲಿ ಕೂರೋರೆಲ್ಲ ಸ್ತನ ಕ್ಯಾನ್ಸರ್ ಗೆದ್ದೋರು. ಎಷ್ಟೋ ಜನಕ್ಕೆ ಒಂದು ಕಡೆ ತೆಗೆದಿದ್ದಾರೆ, ನನಗೂ ಅಷ್ಟೆ. ಮುಚ್ಚಿಟ್ಟು ಸಾಕಾಯ್ತು, ಎದೆ ಮೇಲೇ ಬರೆಸ್ಕೊಳ್ಳೋಣ ಅಂದ್ವಿ. ಅಲೆ ಸಮ ಇಲ್ಲ ಅಂತ ದೋಣಿ ನಿಲ್ಲುತ್ತಾ?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅಕ್ಕನ ಅತ್ತೆ ಮುಖ ಸಿಂಡರಿಸಿದರು. "ಆ ಕಾಯಿಲೆ ಹೆಸರು ಮನೇಲಿ ಯಾಕಮ್ಮ? ಅಂಟ್ಕೊಂಡ್ರೆ?"

"ಅದು ಅಂಟೋ ರೋಗ ಅಲ್ಲಮ್ಮ. ನನ್ನಿಂದ ಏನಾದ್ರೂ ಅಂಟೋ ಹಾಗಿದ್ರೆ, ನಮ್ಮನೆಯವ್ರಿಗೆ ಇಷ್ಟೊತ್ತಿಗೆ ಗಣಿತ ಬರಬೇಕಿತ್ತು!"

ಅತ್ತೆಗೂ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ನಗಲಿಲ್ಲ.

"ಟೀಚರೇ, ನಿಮ್ಮ ಎದೆಲಿದ್ದ ಗಂಟು ನೋಯ್ತಿತ್ತಾ?"

"ಚೂರೂ ಇಲ್ಲ. ಅದಕ್ಕೇ ಒಂಬತ್ತು ತಿಂಗಳು ಸುಮ್ಮನಿದ್ದೆ. ಅದೇ ನಾನು ಮಾಡಿದ ತಪ್ಪು."

ಅಕ್ಕ ನೆಲ ನೋಡಿದಳು. "ನನಗೂ ಒಂದಿದೆ. ಎಡಗಡೆ, ಬಟಾಣಿಯಷ್ಟು. ನೋವಿಲ್ಲವಲ್ಲ ಅಂತ..."

ಅತ್ತೆಯ ಕೈಯಿಂದ ಸೂಜಿ ಜಾರಿತು. "ನನಗ್ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀವು ಹೆದರ್ತೀರಿ ಅಂತ."

"ಈಗ ಹೆದರಿದ್ದೀನಿ. ಏಳು, ಚಪ್ಪಲಿ ಮೆಟ್ಕೋ!"

"ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರಲ್ಲ," ಎಂದು ಟೀಚರ್ ಅಕ್ಕನ ಕೈ ಹಿಡಿದರು. "ಆದ್ರೆ ಅದನ್ನ ಡಾಕ್ಟರು ನೋಡಿ ಹೇಳಬೇಕು, ನೀನಲ್ಲ. ನಡಿ, ನಾನೂ ಬರ್ತೀನಿ."

ಅಕ್ಕನದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಚಿಕ್ಕದು. ಗಂಟನ್ನಷ್ಟೇ ತೆಗೆದರು. ಮುಂದಿನ ಚಿಕಿತ್ಸೆಯಲ್ಲಿ ಕೂದಲು ಉದುರಿತು, ಸುಸ್ತು ಹಿಂಡಿಹಾಕಿತು. ಬಸ್ ಓಡಿಸುವ ಗಂಡ ರಜೆ ಹಾಕಿ ಅಡುಗೆ ಕಲಿತ. ಅವನ ಮೊದಲ ವಾರದ ಸಾರು ಉಂಡು ಬದುಕಿದವಳಿಗೆ ಕ್ಯಾನ್ಸರ್ ಯಾವ ಲೆಕ್ಕ ಎಂದು ಅಕ್ಕ ಈಗಲೂ ಕಿಚಾಯಿಸುತ್ತಾಳೆ. ಅತ್ತೆಯೂ ತಪಾಸಣೆ ಮಾಡಿಸಿಕೊಂಡರು. ಅವರಿಗೆ ಏನೂ ಇರಲಿಲ್ಲ.

ಡಾಕ್ಟರು ಸರಿ ಎಂದ ಮೇಲೆ, ಒಂದು ಅಲೆಯನ್ನು ಚಪ್ಪಟೆಯಾಗಿಯೇ ಹೊಲಿದ ಅಂಗಿ ತೊಟ್ಟು ಅಕ್ಕ ದೋಣಿ ಹತ್ತಿದಳು. ಭಾನುವಾರ ಬೆಳಿಗ್ಗೆ ಅತ್ತೆ ದಡದಲ್ಲಿ ನಿಂತು "ಎಳೀರೇ, ಎಳೀರೇ!" ಎಂದು ಕೂಗುತ್ತಾರೆ. ಅವರ ಗಂಟಲಿಗೇ ದೋಣಿ ಅರ್ಧ ಓಡುತ್ತದೆ.

ಅಕ್ಕಂದಿರೇ, ಅಮ್ಮಂದಿರೇ, ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಲ್ಲಿ, ಎದೆಯನ್ನು ಕೈಯಿಂದ ಮುಟ್ಟಿ ನೋಡಿ. ಗಂಟು, ಚರ್ಮದಲ್ಲಿ ಕುಳಿ, ಮೊಲೆತೊಟ್ಟಿನಿಂದ ರಕ್ತ, ಹೀಗೆ ಏನೇ ಹೊಸದು ಕಂಡರೂ ನೋವು ಬರಲೆಂದು ಕಾಯಬೇಡಿ. ಮನೆಯವರಿಗೆ ಹೇಳಿ, ಈ ವಾರವೇ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಅಳುಕೇ? ಪಕ್ಕದ ಮನೆಯವಳನ್ನೂ ಕರೆದುಕೊಂಡು ಹೋಗಿ, ಅವಳ ತಪಾಸಣೆಯೂ ಆಗಿಬಿಡಲಿ!