ಕಾಲಿಲ್ಲದ ಮೇಜು

"ಹೆಸ್ರಲ್ಲೇ ಕುರ್ಚಿ ಮಡಿಕಂಡಿದ್ದೀಯಲ್ಲಮ್ಮ ಕುರ್ಷೀದಾ! ಇನ್ನೊಂದು ಯಾಕೆ?"

ಕೂರಲು ಕುರ್ಚಿ ಕೇಳಿದವಳಿಗೆ ಅಧ್ಯಕ್ಷ ಷಡಕ್ಷರಿ ಹೀಗೆಂದಾಗ ಪಂಚಾಯ್ತಿ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಖುರ್ಷಿದಾ ಬಾಗಿಲ ಬಳಿಯ ಚಾಪೆಗೆ ಹೋಗಿ ಸೋಮಮ್ಮನ ಪಕ್ಕ ಕೂತಳು. ತೊಂಬತ್ನಾಲ್ಕರ ಬೇಸಿಗೆ. ಮೈಸೂರಿನ ಅಂಚಿನ ಆ ಪಂಚಾಯ್ತಿಗೆ ಮಹಿಳಾ ಮೀಸಲಿನಲ್ಲಿ ಗೆದ್ದು ಬಂದವರು ಅವರಿಬ್ಬರು. ಒಬ್ಬಳು ಸಾಬರ ಬೀದಿಯವಳು, ಇನ್ನೊಬ್ಬಳು ಹೊಲಗೇರಿಯವಳು. ಇಬ್ಬರಿಗೂ ಹೊಟ್ಟೆಪಾಡು ಊದುಬತ್ತಿ ಹೊಸೆಯುವುದು.

ಸಾಬರ ಬೀದಿಗೆಂದು ಬಂದ ಬೋರ್‌ವೆಲ್ಲನ್ನು ಷಡಕ್ಷರಿ ತನ್ನ ಸೈಟುಗಳಿದ್ದ ಹೊಸ ಬಡಾವಣೆಗೆ ತಿರುಗಿಸಲು ಹೊರಟಿದ್ದ.

"ಒಪ್ಪಿದೋರು ಮೇಜು ತಟ್ರಪ್ಪಾ!"

ಗಂಡಸರ ಮೇಜುಗಳು ದಡದಡಿಸಿದವು.

"ಒಪ್ದೇ ಇರೋರು ಏನ್ ಮಾಡ್ಬೇಕಣ್ಣಾ?" ಖುರ್ಷಿದಾ ಎದ್ದು ನಿಂತು ಕೇಳಿದಳು.

"ಅವ್ರೂ ಮೇಜೇ ತಟ್ಬೇಕು ಕಣಮ್ಮ, ರೂಲು. ಎಲ್ಲೈತೆ ನಿನ್ ಮೇಜು?"

ಮತ್ತೆ ನಗು. ವಿರೋಧವಿಲ್ಲ ಎಂದು ಕಾರ್ಯದರ್ಶಿ ಬರೆದುಕೊಂಡ. ಮುಂದಿನ ಸಭೆ ಅದನ್ನು ಓದಿ ಕಾಯಂ ಮಾಡುವುದಷ್ಟೇ ಬಾಕಿ.

"ಅವ್ನ ಮೀಸೆ ಸುಟ್ಟೋಗ, ಬೇವರ್ಸಿ!" ದಾರಿಯುದ್ದಕ್ಕೂ ಸೋಮಮ್ಮ ಬೈದಳು. "ಮೇಜು ಎಲ್ಲಿಂದ ತರಾದಕ್ಕಾ?"

"ಐತಲ್ಲೇ, ದಿನಾ ಮುಂದೇನೇ ಇರ್ತದೆ," ಎಂದು ಖುರ್ಷಿದಾ ನಕ್ಕಳು.

ಮುಂದಿನ ಸಭೆಗೆ ಷಡಕ್ಷರಿ ಗಂಜಿ ಹಾಕಿದ ಬಿಳಿ ಜುಬ್ಬದಲ್ಲಿ ಬಂದ. ಖುರ್ಷಿದಾ ಬುರ್ಖಾದೊಳಗಿಂದ ಊದುಬತ್ತಿ ಹೊಸೆಯುವ ಮಣೆ ತೆಗೆದಳು. ಸೋಮಮ್ಮನೂ ಸೆರಗಿನಡಿಯಿಂದ ತನ್ನದನ್ನು ತೆಗೆದಳು. ಇಬ್ಬರೂ ಚಾಪೆಯನ್ನು ಅಧ್ಯಕ್ಷರ ಕಾಲ ಬುಡಕ್ಕೇ ಎಳೆದುಕೊಂಡು ಕೂತರು.

"ಏನ್ರಮ್ಮ ಇದು?"

"ಮೇಜು, ಅಧ್ಯಕ್ಷರೇ. ಕಾಲಿಲ್ಲ ಅಷ್ಟೇ."

ಷಡಕ್ಷರಿಗೆ ನಗು ತಡೆಯಲಾಗಲಿಲ್ಲ. "ಸರಿ, ಬೋರ್‌ವೆಲ್ ಬಡಾವಣೆಗೆ ಬ್ಯಾಡ ಅನ್ನೋರು ತಟ್ರಮ್ಮ, ನೋಡವಾ!"

ಇಬ್ಬರೂ ಮಣೆಯೆತ್ತಿ ನೆಲಕ್ಕೆ ಬಡಿದರು. ವರ್ಷಗಟ್ಟಲೆ ಬತ್ತಿ ಹೊಸೆದು ಮರದ ಸಂದುಗಳಲ್ಲಿ ಕೂತಿದ್ದ ಇದ್ದಿಲ ಪುಡಿ ಭುಸ್ಸೆಂದು ಎದ್ದಿತು. ಜುಬ್ಬ ಕಪ್ಪಾಯಿತು, ಮೀಸೆ ಎಲ್ಲಿ ಮುಗಿದು ಮುಖ ಎಲ್ಲಿ ಶುರುವಾಗುತ್ತದೆಂದು ತಿಳಿಯದಂತಾಯಿತು.

"ನಿಲ್ಸ್ರೇ... ಆಕ್ಷೀ... ಲೌಡೀರಾ!"

"ನಿಲ್ಸ್ತೀವಿ. ಬೋರು ಸಾಬ್ರ ಬೀದೀಗೆ ಅಂತ ಯೋಳಿ."

"ಯೋಳಲ್ಲ! ಆಕ್ಷೀ! ಒಬ್ರಿಬ್ರು ತಟ್ಟುದ್ರೆ ಏನಾಯ್ತದೆ?"

"ಒಬ್ರಿಬ್ರಾ?" ಖುರ್ಷಿದಾ ಎದ್ದು ಕಿಟಕಿ ತೆರೆದಳು.

ಅಂಗಳದಲ್ಲಿ ಎರಡೂ ಬೀದಿಯ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ಮಡಿಲಲ್ಲೂ ಒಂದೊಂದು ಕಪ್ಪು ಮಣೆ.

"ತಟ್ರೇ!" ಎಂದಳು ಸೋಮಮ್ಮ.