ಎರಡನೇ ಕುಲುಮೆಯ ಸಣ್ಣ ಉರಿ

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬೆಂಕಿಯಣ್ಣ ಎಂದೇ ಕರೆಯುತ್ತಿದ್ದರು. ಎರಡನೇ ಕುಲುಮೆಯ ಮೇಸ್ತ್ರಿ. ಇಪ್ಪತ್ತಾರು ವರ್ಷ ಅದರ ಮುಂದೆ ನಿಂತು ಹುಬ್ಬು ಸುಟ್ಟುಕೊಂಡವನು. ಗಾಜಿನ ಕುಲುಮೆಯೆಂದರೆ ಮನೆಯ ಒಲೆಯಲ್ಲ, ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲು. ಒಮ್ಮೆ ತಣ್ಣಗಾದರೆ ಒಳಗಿನ ಇಟ್ಟಿಗೆಯೆಲ್ಲ ಬಿರಿದು ಹೋಗುತ್ತದೆ, ಆಮೇಲೆ ಅದು ಬರೀ ಕಲ್ಲುಮಣ್ಣು. ಹಾಗಾಗಿ ಮಾರುಕಟ್ಟೆ ಮಕಾಡೆ ಮಲಗಿ, ಬಾಟಲಿಗಳನ್ನು ಕೇಳುವವರೇ ಇಲ್ಲದಾದಾಗ, ಕಂಪನಿ ಮೂವತ್ತು ಜನರನ್ನು ಮನೆಗೆ ಕಳಿಸಿ, ಸಣ್ಣ ಉರಿ ಕಾಯಲು ಅವನೊಬ್ಬನನ್ನು ಉಳಿಸಿಕೊಂಡಿತು.

"ಉರಿ ಇರೋವರೆಗೂ ನಿಮ್ಮ ಕೆಲಸಾನೂ ಇದೆ ಕಣ್ರೋ. ನಾನಿಲ್ವಾ?" ಎಂದು ಗೇಟಿನ ಹತ್ತಿರ ನಿಂತು ಮೂವತ್ತು ಜನಕ್ಕೂ ಮಾತು ಕೊಟ್ಟ.

ಅದೇ ವಾರ ಅವನ ತಮ್ಮ ಒಂದು ಕಾಗದ ಹಿಡಿದು ಬಂದ. ತಮ್ಮನಿಗೆ ಅದೇ ಕಂಪನಿಯ ಮಹಡಿಯ ಮೇಲೆ ಕೆಲಸ: ಯಾವ ಕುಲುಮೆ ಎಷ್ಟು ಇಂಗಾಲ ಉಗುಳಿತೆಂದು ಲೆಕ್ಕ ಬರೆಯುವುದು. ಅಪ್ಪ ಹೋದಮೇಲೆ ಅವನನ್ನು ಓದಿಸಿ ಆ ಕುರ್ಚಿಯವರೆಗೆ ತಂದವನೇ ಬೆಂಕಿಯಣ್ಣ.

"ಕುಲುಮೆ ನಿಲ್ಸಿದ್ದಕ್ಕೆ ಮೇಸ್ತ್ರಿ ಸಹಿ ಬೇಕಂತೆ ಅಣ್ಣ. ಸುಮ್ನೆ ಹಾಕು."

ಕನ್ನಡಕ ಮನೆಯಲ್ಲಿತ್ತು. ತಮ್ಮನ ಕಾಗದಕ್ಕೆ ಕನ್ನಡಕ ಯಾಕೆ? ಹಾಕಿದ.

ಏಳು ತಿಂಗಳು ಆ ಉರಿಯನ್ನು ಹಸುಗೂಸಿನಂತೆ ಕಾದ. ಜ್ವರ ಬಂದಾಗಲೂ ರಜೆ ಹಾಕಲಿಲ್ಲ. ಕೊನೆಗೆ ಮಾರುಕಟ್ಟೆ ಕಣ್ಣು ಬಿಟ್ಟಿತು. ಬಾಟಲಿಗೆ ಬೇಡಿಕೆ ಬಂತೆಂಬ ಸುದ್ದಿ ಹಬ್ಬಿ, ಮೂವತ್ತು ಜನರ ಫೋನುಗಳು ಶುರುವಾದವು.

ಆಗಲೇ ಕಂಪನಿಗೊಂದು ಪರಿಸರ ಪ್ರಶಸ್ತಿ ಬಂತು. ಅಂಗಳದಲ್ಲಿ ಸಭೆ, ವೇದಿಕೆಯ ಮೇಲೆ ತಮ್ಮ. ಬೆಂಕಿಯಣ್ಣ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

"ಇಂಥ ಕಷ್ಟಕಾಲದಲ್ಲೂ ನಾವೇ ಮನಸ್ಸು ಮಾಡಿ ಒಂದು ಕುಲುಮೆಯನ್ನು ಶಾಶ್ವತವಾಗಿ ಮುಚ್ಚಿದೆವು," ಎಂದರು ದೊಡ್ಡ ಸಾಹೇಬರು. "ಹೊಗೆ ಅರ್ಧಕ್ಕಿಳಿಯಿತು, ಷೇರಿನ ಬೆಲೆ ಏರಿತು. ಅದನ್ನು ಮುಚ್ಚಿ ಎಂದು ಬರೆದುಕೊಟ್ಟವರು ಎರಡನೇ ಕುಲುಮೆಯ ನಮ್ಮ ಮೇಸ್ತ್ರಿಯೇ!"

ಪರದೆಯ ಮೇಲೆ ಮಂಚದಷ್ಟು ದೊಡ್ಡದಾಗಿ ಅವನ ಸಹಿ ಬಿತ್ತು. ಸುತ್ತಲಿನವರು ಅವನತ್ತ ತಿರುಗಿ ಚಪ್ಪಾಳೆ ತಟ್ಟಿದರು.

ಸಭೆ ಮುಗಿದಮೇಲೆ ತಮ್ಮ ತಾನಾಗಿಯೇ ಕುಲುಮೆಯ ಬಳಿ ಬಂದ.

"ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ ಅಣ್ಣ, ನಾನು ಮಾತಾಡಿದ್ದೀನಿ."

"ಬಾಟ್ಲಿ ಯಾರು ಮಾಡ್ತಾರೆ?"

"ಹೊರಗಿನ ಕಾರ್ಖಾನೆಗೆ ಕೊಡ್ತಾರೆ. ಆ ಹೊಗೆ ನಮ್ಮ ಲೆಕ್ಕಕ್ಕೆ ಬರಲ್ಲ."

"ಮತ್ತೆ ಈ ಉರಿ? ಏಳು ತಿಂಗಳಿಂದ ಇದೂ ಹೊಗೆ ಬಿಡ್ತಾ ಇದೆಯಲ್ಲ, ಇದಕ್ಕೇನು ಬರೆದೆ?"

ತಮ್ಮ ನೆಲ ನೋಡಿದ. "ಸೊನ್ನೆ. ನೀನು ಸಹಿ ಹಾಕಿದ ದಿನಾನೇ ಆರಿದೆ ಅಂತ."

"ಹಾಗಾದ್ರೆ ನನ್ನನ್ನ ಯಾಕೋ ಕಾಯೋಕೆ ಬಿಟ್ಟೆ?"

"ಪ್ರಶಸ್ತಿ ಬರದೆ ಹೋದ್ರೆ ಮತ್ತೆ ಉರಿ ಏರಿಸೋಣ ಅಂತಿದ್ರು. ಈಗ ಬಂತಲ್ಲ. ಸಂಜೆಗೆ ಆರಿಸ್ಬೇಕಂತೆ."

ಅಯ್ಯೋ ಪಾಪಿ! ಕೈಹಿಡಿದು ನಡೆಸಿದವನ ಕೈಯನ್ನೇ ಕಡಿದೆಯಲ್ಲೋ ಎಂದು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಮೂವತ್ತರಲ್ಲಿ ಒಬ್ಬ.

"ಮೇಸ್ತ್ರಿ, ನಮ್ಮ ಉರಿ ಹೇಗಿದೆ? ಯಾವಾಗ ಬರೋಣ?"

ಬೆಂಕಿಯಣ್ಣ ಫೋನನ್ನು ತಮ್ಮನ ಮುಂದೆ ಹಿಡಿದ. "ನಿನ್ನ ಲೆಕ್ಕ ನೀನೇ ಹೇಳು."

ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಬೆಂಕಿಯಣ್ಣ ಫೋನನ್ನು ಕಿವಿಗಿಟ್ಟುಕೊಂಡ. ಕುಲುಮೆಯ ಕಾವು ಮುಖಕ್ಕೆ ಹೊಡೆಯುತ್ತಲೇ ಇತ್ತು.

"ಬರಬೇಡ್ರಪ್ಪ," ಎಂದ. "ಅದು ಆರಿ ಏಳು ತಿಂಗಳಾಯ್ತು. ನಾನೇ ಸಹಿ ಹಾಕಿದ್ದೀನಿ."